ಅಡುಗೆಯವನ ಕಪ್ಪು ರಿಬ್ಬನ್

ಓಟ್ಮರ್ ನೇಗೆಲೆ ಶುಕ್ರವಾರ ಮಧ್ಯಾಹ್ನ ಮನೆಯಲ್ಲಿ ಇದ್ದಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಅಂಚೆಯವನು ಬಂದು ಗಂಟೆ ಬಾರಿಸಿದಾಗ ಅವನು ನಗರದ ನೀರಿನ ಕಚೇರಿಯಲ್ಲಿ ಕುಳಿತು, ಯಾರದೋ ಮನೆಯ ಮೀಟರು ಹಿಂದಕ್ಕೆ ಯಾಕೆ ತಿರುಗಿತು ಎಂಬ ವಿಚಾರಣೆಯಲ್ಲಿ ಮುಳುಗಿದ್ದ. ಅಂಚೆಯವನು ಜರ್ಮನಿಯ ನಮ್ಮ ಎಸ್ಲಿಂಗನ್ ಊರಿನ ಎಲ್ಲ ಅಂಚೆಯವರೂ ಮಾಡುವುದನ್ನೇ ಮಾಡಿದ. ಪಾರ್ಸಲನ್ನು ಎದುರುಮನೆಗೆ ಕೊಟ್ಟು, ಬಾಗಿಲಿಗೊಂದು ಚೀಟಿ ಅಂಟಿಸಿ ನಡೆದ. ಎದುರುಮನೆ ಎಂದರೆ ಅದೇ ಮಹಡಿಯಲ್ಲಿರುವ ಫ್ರಾವ್ ಬಾಂಟ್ಲೆ, ಅಂದರೆ ಶ್ರೀಮತಿ ಬಾಂಟ್ಲೆ ಅವರ ಮನೆ.

ಪಾರ್ಸಲಿನಲ್ಲಿದ್ದದ್ದು ಓಟ್ಮರನ ಮುತ್ತಜ್ಜ ಯಾಕೊಬ್ ನೇಗೆಲೆಗೆ 1917ರಲ್ಲಿ ಸಿಕ್ಕಿದ ಪದಕ, ಎರಡನೇ ದರ್ಜೆಯ ಕಬ್ಬಿಣದ ಶಿಲುಬೆ. ಇಷ್ಟು ವರ್ಷ ಅದು ಹಳ್ಳಿಯಲ್ಲಿ ಲೀಸೆಲೆ ಅತ್ತೆಯ ಬೀರುವಿನೊಳಗಿತ್ತು. ಅತ್ತೆ ಅದನ್ನು ಯಾರಿಗೂ ಮುಟ್ಟಲು ಕೊಟ್ಟವಳಲ್ಲ. ಓಟ್ಮರ್ ಹತ್ತು ವರ್ಷದವನಿದ್ದಾಗ ಒಮ್ಮೆ ಬಾಗಿಲ ಹತ್ತಿರ ನಿಂತು ನೋಡಿದ್ದ, ಅಷ್ಟೆ. ಈಗ ಎಂಬತ್ತೆಂಟನೇ ವಯಸ್ಸಿನಲ್ಲಿ ಆಕೆ ಮನಸ್ಸು ಕರಗಿ ಅದನ್ನು ಅಂಚೆಗೆ ಹಾಕಿದ್ದಳು.

ಅದು ಬಂದದ್ದೂ ಸರಿಯಾದ ಹೊತ್ತಿಗೇ. ಶನಿವಾರ ಮೂರು ಗಂಟೆಗೆ ಪದಕ ಸಂಗ್ರಾಹಕರ ಸಂಘದಲ್ಲಿ ಹೊಸ ಪರೀಕ್ಷಕನ ಆಯ್ಕೆ. ಯಾವ ಪದಕ ಅಸಲಿ, ಯಾವುದು ನಕಲಿ, ಯಾವುದು ಯಾವ ಕಾಲದ್ದು ಎಂದು ತೀರ್ಪು ಬರೆದು ಸಂಘದ ಮೊಹರು ಒತ್ತುವ ಕೆಲಸ. ಓಟ್ಮರ್ ಈ ವಿಷಯವಾಗಿ ನಲವತ್ತು ಪುಟದ ಕಿರುಪುಸ್ತಕವನ್ನೇ ಬರೆದಿದ್ದ. ಅವನ ಎದುರಾಳಿ ಹೆರ್ ಡೋಲ್ಡೆ ಏನೂ ಬರೆದವನಲ್ಲ, ಮಾತಾಡಿಯೇ ದೊಡ್ಡವನಾದವನು. ಈ ಡೋಲ್ಡೆ ಹನ್ನೊಂದು ವರ್ಷದಿಂದ ಸಂಘದ ಪ್ರತಿ ಸಭೆಯಲ್ಲೂ ಯಾಕೊಬನನ್ನು ಆಡಿಕೊಂಡು ನಗುತ್ತಿದ್ದ. ಯಾಕೆಂದರೆ ಯಾಕೊಬ್ ಯುದ್ಧದಲ್ಲಿ ಅಡುಗೆಯವನಾಗಿದ್ದ.

ವಿಷಯ ಇಷ್ಟೇ. ಶಿಲುಬೆ ಎಲ್ಲರಿಗೂ ಒಂದೇ. ಆದರೆ ಗುಂಡಿನ ಎದುರು ನಿಂತವರಿಗೆ ಬಿಳಿ ಪಟ್ಟೆಯ ಕಪ್ಪು ರಿಬ್ಬನ್, ಹಿಂದೆ ಉಳಿದು ಕೆಲಸ ಮಾಡಿದವರಿಗೆ ಕಪ್ಪು ಪಟ್ಟೆಯ ಬಿಳಿ ರಿಬ್ಬನ್. ಯಾಕೊಬ್ ಬೇಳೆ ಸಾರಿನ ಕೊಪ್ಪರಿಗೆಯನ್ನು ಬೆನ್ನ ಮೇಲೆ ಹೊತ್ತು, ಶೆಲ್ಲುಗಳು ಬೀಳುವಾಗಲೇ ಮೂರು ಸಲ ಮುಂಚೂಣಿಯ ಕಂದಕಕ್ಕೆ ಹೋಗಿ ಬಂದನೆಂದೂ, ಅದಕ್ಕಾಗಿ ಅವನಿಗೆ ಕಪ್ಪು ರಿಬ್ಬನ್ನೇ ಸಿಕ್ಕಿತೆಂದೂ, ಅದರ ಮೇಲೆ ಇವತ್ತಿಗೂ ಆ ಸಾರಿನ ಕಲೆ ಇದೆಯೆಂದೂ ನೇಗೆಲೆ ಮನೆತನದ ನಂಬಿಕೆ. "ಸೌಟಿನ ಶಿಲುಬೆಗೆ ಕಪ್ಪು ರಿಬ್ಬನ್ನಾ? ಆಮೇಲೆ ಯಾವುದೋ ಅಂಗಡೀಲಿ ಕೊಂಡು ಕಟ್ಕೊಂಡಿರ್ತಾನೆ ಬಿಡಿ" ಎಂದು ಡೋಲ್ಡೆಯ ವಾದ. ಕಾಗದಪತ್ರಗಳೆಲ್ಲ ಮುಂದಿನ ಯುದ್ಧದಲ್ಲಿ ಮನೆಯ ಜೊತೆಗೇ ಸುಟ್ಟುಹೋಗಿದ್ದವು. ಉಳಿದ ಸಾಕ್ಷಿ ಆ ರಿಬ್ಬನ್ ಒಂದೇ. ಅದು ಯುದ್ಧಕಾಲದ್ದೆಂದು ಸಭೆಯ ಎದುರು ರುಜುವಾದರೆ ಮುತ್ತಜ್ಜನ ಮಾನವೂ ಉಳಿಯುತ್ತದೆ, ಪರೀಕ್ಷಕನ ಕುರ್ಚಿಯೂ ಸಿಗುತ್ತದೆ. ಎರಡನ್ನೂ ಪಡೆದೇ ತೀರುವುದೆಂದು ಓಟ್ಮರ್ ಹಟ ತೊಟ್ಟಿದ್ದ.

ಶನಿವಾರ ಬೆಳಗ್ಗೆ ಏಳಕ್ಕೇ ಅವನು ಎದುರುಮನೆಯ ಗಂಟೆ ಒತ್ತಿದ. ಫ್ರಾವ್ ಬಾಂಟ್ಲೆ ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಪೊರಕೆ ಹಿಡಿದೇ ಬಾಗಿಲು ತೆರೆದರು. ಎಪ್ಪತ್ನಾಲ್ಕು ವರ್ಷ ವಯಸ್ಸು. ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ನಲವತ್ತು ವರ್ಷ ಮೇಲ್ವಿಚಾರಕಿಯಾಗಿದ್ದು, ನಿವೃತ್ತರಾದ ಮೇಲೆ ಆ ಅಧಿಕಾರವನ್ನು ಕಟ್ಟಡದ ಮೆಟ್ಟಿಲುಗಳ ಮೇಲೆ ಚಲಾಯಿಸುತ್ತಿದ್ದವರು.

"ತಗೊಳ್ಳಿ ನಿಮ್ಮ ಪಾರ್ಸಲ್ಲು. ಹಿಮದ ನೀರಲ್ಲಿ ನೆಂದು ಡಬ್ಬ ಹರಿದೇ ಹೋಗಿತ್ತು. ಎಲ್ಲಾ ಸರಿಮಾಡಿ ಬೇರೆ ಪೆಟ್ಟಿಗೇಲಿ ಇಟ್ಟಿದ್ದೀನಿ."

"ತುಂಬಾ ಉಪಕಾರ ಆಯ್ತು, ಫ್ರಾವ್ ಬಾಂಟ್ಲೆ."

"ಉಪಕಾರ ಇರ್ಲಿ. ನಿಮ್ಮ ಬಾಗಿಲ ಹಿಡೀಲಿ ಏನು ನೇತಾಡ್ತಿದೆ ನೋಡಿದ್ರಾ?"

ನೋಡಿದ್ದ. 'ಗುಡಿಸುವ ವಾರ' ಎಂದು ಬರೆದ ಮರದ ಹಲಗೆ. ಅದು ಯಾರ ಬಾಗಿಲಿಗೆ ಬಂದು ಕೂರುತ್ತದೋ ಆ ವಾರ ಮೆಟ್ಟಿಲು, ಅಂಗಳ, ನೆಲಮಾಳಿಗೆ ಎಲ್ಲ ಅವರದೇ. ಈ ವಿಷಯದಲ್ಲಿ ನಮ್ಮೂರಿನಲ್ಲಿ ಸಾವು ಕೂಡ ಪೂರ್ತಿ ನೆಪವಾಗುವುದಿಲ್ಲ, ಹೆಚ್ಚೆಂದರೆ ಪಕ್ಕದವರೊಡನೆ ವಾರ ಬದಲಾಯಿಸಿಕೊಳ್ಳಬಹುದು.

"ಎರಡು ಗಂಟೆಗೆ ನಾವು ಹೊರಡ್ಬೇಕು. ಅಷ್ಟರೊಳಗೆ ನೆಲಮಾಳಿಗೆವರೆಗೂ ಆಗಿರ್ಬೇಕು," ಎಂದರು ಫ್ರಾವ್ ಬಾಂಟ್ಲೆ. ಅವರೂ ಸಭೆಗೆ ಬರುವವರಿದ್ದರು. ಉಮೇದುವಾರನ ಪ್ರಾಮಾಣಿಕತೆಗೆ ಒಬ್ಬ ಸಾಕ್ಷಿ ಬೇಕೆಂಬುದು ಸಂಘದ ನಿಯಮ. ಓಟ್ಮರ್ ಎದುರುಮನೆಯವರ ಹೆಸರನ್ನೇ ಬರೆದುಕೊಟ್ಟಿದ್ದ. "ಮೆಟ್ಟಿಲು ಗುಡಿಸದವನನ್ನ ಪ್ರಾಮಾಣಿಕ ಅಂತ ನಾನು ಹೇಳೋಳಲ್ಲ, ಈಗ್ಲೇ ಹೇಳಿದ್ದೀನಿ."

ಓಟ್ಮರ್ ಒಳಗೆ ಬಂದು, ಬಿಳಿ ಕೈಗವಸು ತೊಟ್ಟು, ಅಡುಗೆಮನೆಯ ಮೇಜಿನ ಮೇಲೆ ಪೆಟ್ಟಿಗೆ ತೆರೆದ. ಆಯಸ್ಕಾಂತ ಹಿಡಿದ, ನಡುವಿನ ಕಬ್ಬಿಣ ಟಪ್ಪೆಂದು ಅಂಟಿತು. ಭೂತಕನ್ನಡಿಯಲ್ಲಿ ರಿಬ್ಬನ್ ಪೋಣಿಸುವ ಬಳೆಯ ಮೇಲಿನ ಕಾರ್ಖಾನೆಯ ಗುರುತು ನೋಡಿದ, ಸರಿಯಾಗಿತ್ತು. ಹಿಂಬದಿಯಲ್ಲಿ 1813 ಎಂದಿತ್ತು. ಅದನ್ನು ತೋರಿಸಿ ಪದಕಕ್ಕೆ ನೂರು ವರ್ಷ ಹೆಚ್ಚು ವಯಸ್ಸು ಹೇಳಿ ಮಾರುವ ಜಾಣರಿದ್ದಾರೆ, ಆದರೆ ಅದು ಈ ಬಗೆಯ ಪದಕ ಮೊದಲು ಹುಟ್ಟಿದ ವರ್ಷ ಅಷ್ಟೆ. ಮುಂಬದಿಯ 1914 ಎಂಬುದೇ ಲೆಕ್ಕಕ್ಕೆ ಬರುವುದು. ಅದೂ ಇತ್ತು. ಓಟ್ಮರನ ಎದೆ ಉಬ್ಬಿತು. ಕೊನೆಯ ಪರೀಕ್ಷೆಗಾಗಿ ಪರದೆ ಎಳೆದು ನೇರಳೆ ಬೆಳಕಿನ ಟಾರ್ಚು ಹೊತ್ತಿಸಿದ.

ಈ ಟಾರ್ಚಿನ ಗುಟ್ಟು ಸಂಗ್ರಾಹಕರಿಗೆಲ್ಲ ಗೊತ್ತು. ಇತ್ತೀಚಿನ ಬಟ್ಟೆಗಳಿಗೆ ಬಿಳುಪು ಬರಲೆಂದು ಒಂದು ರಾಸಾಯನಿಕ ಹಾಕುತ್ತಾರೆ, ಅದು ಈ ಬೆಳಕಿಗೆ ನೀಲಿಯಾಗಿ ಹೊಳೆಯುತ್ತದೆ. ಹಳೆಯ ಕಾಲದ ಬಟ್ಟೆ ಹೊಳೆಯುವುದಿಲ್ಲ, ಮಂಕಾಗಿ ಬಿದ್ದಿರುತ್ತದೆ.

ಯಾಕೊಬನ ರಿಬ್ಬನ್ ಹೊಳೆಯಿತು. ಬಿಳಿ ಪಟ್ಟೆಗಳು ಹುಣ್ಣಿಮೆಗೆ ಒಣಹಾಕಿದ ಪಂಚೆಯ ಹಾಗೆ ಹೊಳೆದವು.

ಓಟ್ಮರ್ ಬಚ್ಚಲುಮನೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ನೋಡಿದ. ಹೊಳೆಯಿತು. ಹಾಸಿಗೆಯ ಮೇಲೆ ಕುಳಿತು ತಲೆ ತುಂಬ ಕಂಬಳಿ ಹೊದ್ದು ನೋಡಿದ. ಇನ್ನೂ ಚೆನ್ನಾಗಿ ಹೊಳೆಯಿತು. ಪರದೆ ಸರಿಸಿ ಹಗಲು ಬೆಳಕಿನಲ್ಲಿ ಸಾರಿನ ಕಲೆಗಾಗಿ ಹುಡುಕಿದ. ಕಲೆಯ ಸುಳಿವೂ ಇರಲಿಲ್ಲ. ಹಾಗಾದರೆ ಡೋಲ್ಡೆ ಹೇಳಿದ್ದೇ ನಿಜ. ಯಾಕೊಬ್ ಕಂದಕದ ಹತ್ತಿರವೂ ಸುಳಿದವನಲ್ಲ, ಯಾರೋ ಆಮೇಲೆ ಈ ಕಪ್ಪು ರಿಬ್ಬನ್ ತಂದು ಕಟ್ಟಿದ್ದಾರೆ. ಅಪ್ಪ ಊಟದ ಮೇಜಿನಲ್ಲಿ ನೂರು ಸಲ ಹೇಳಿದ ಕತೆ ಬರೀ ಕತೆ. ಓಟ್ಮರನಿಗೆ ನಿಜವಾಗಿಯೂ ದುಃಖವಾಯಿತು. ಐವತ್ತೆರಡು ವರ್ಷದ ಗಂಡಸು ಕಂಬಳಿಯೊಳಗೆ ಕುಳಿತು ಕಣ್ಣೊರೆಸಿಕೊಂಡ.

ಸಭೆಗೆ ಹೋಗದೇ ಇದ್ದುಬಿಡೋಣವೆಂದರೆ ಸಂಘಕ್ಕೆ ಕೊಟ್ಟ ಉಮೇದುವಾರಿಕೆಯ ಫಾರಂ ಇತ್ತು. ಎರಡು ವಾರ ಹಿಂದೆಯೇ ಅತ್ತೆಯ ಮಾತು ನಂಬಿ ಮೂರು ಪ್ರತಿಗಳಲ್ಲಿ ಬರೆದು ಸಹಿ ಹಾಕಿದ್ದ: 'ಶಿಲುಬೆ ಹಾಗೂ ಯುದ್ಧಕಾಲದ ಕಪ್ಪು ರಿಬ್ಬನ್, ಎರಡೂ 1917ರಿಂದ ಯಾರೂ ಮುಟ್ಟದ ಸ್ಥಿತಿಯಲ್ಲಿವೆ.' ಇಪ್ಪತ್ತಾರು ವರ್ಷ ನೀರಿನ ಕಚೇರಿಯಲ್ಲಿ ಕೆಲಸ ಮಾಡಿದವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಫಾರಂ ತಪ್ಪಾಗುವುದಿಲ್ಲ. ಫಾರಮ್ಮಿಗೆ ಹೊಂದದ ಮೀಟರನ್ನು ಬದಲಾಯಿಸಬೇಕು.

ಓಟ್ಮರ್ ಕಂಬಳಿಯಿಂದ ಹೊರಬಂದ. ಮಧ್ಯಾಹ್ನ ಎರಡರೊಳಗೆ ಯುದ್ಧಕಾಲದ ಒಂದು ಅಸಲಿ ಕಪ್ಪು ರಿಬ್ಬನ್ ಹುಡುಕಿ ತರುವುದೆಂದು ನಿರ್ಧರಿಸಿ ಕೋಟು ಹಾಕಿಕೊಂಡ.

ಮೆಟ್ಟಿಲ ತುದಿಯಲ್ಲಿ ಫ್ರಾವ್ ಬಾಂಟ್ಲೆ ಕಾವಲು ನಿಂತಿದ್ದರು. "ಎಲ್ಲಿಗೆ?"

"ಗುಡಿಸೋಕೆ," ಎಂದ ಓಟ್ಮರ್, ಅವರ ಕೈಯಿಂದಲೇ ಪೊರಕೆ ಕಿತ್ತುಕೊಂಡು. ಮೂರನೇ ಮಹಡಿಯಿಂದ ಗುಡಿಸುತ್ತ ಇಳಿದ. ಅಂಗಳ ಗುಡಿಸಿದ. ಮೇಲಿನ ಕಿಟಕಿಯಲ್ಲಿ ಅವರ ಮುಖ ಕಾಣುತ್ತಲೇ ಇದ್ದದ್ದರಿಂದ ಗುಡಿಸುತ್ತಲೇ ಬೀದಿಗೆ ಬಂದ, ಬೀದಿಯ ಮೂಲೆಯವರೆಗೂ ಗುಡಿಸಿದ. ಮೂಲೆ ತಿರುಗಿದವನೇ ಪೊರಕೆಯ ಸಮೇತ ಓಟ ಕಿತ್ತ.

ನದಿಯ ದಂಡೆಯ ಹಳೇ ಸಾಮಾನಿನ ಸಂತೆಯಲ್ಲಿ ಜನ ತುಂಬಿದ್ದರು. ಇಬ್ಬರು ಹೆಂಗಸರು ಪೊರಕೆ ಎಷ್ಟಕ್ಕೆ ಕೊಡುತ್ತೀರೆಂದು ಕೇಳಿದರು, ಒಬ್ಬ ಮುದುಕ ತನ್ನ ಅಂಗಡಿಯ ಮುಂದೆಯೂ ಸ್ವಲ್ಪ ಗುಡಿಸಿಕೊಡಬೇಕೆಂದ. ಪದಕಗಳ ಸಾಲಿನಲ್ಲಿ, ಎರಡನೇ ಯುದ್ಧದ ಸಾಮಾನಿನ ಮೇಲಿನ ನಿಷಿದ್ಧ ನಾಜಿ ಚಿಹ್ನೆಗಳಿಗೆ ಕಾಗದದ ಚೂರು ಅಂಟಿಸಿ ಹರಡಿಕೊಂಡು, ತುಪ್ಪಳದ ಟೋಪಿಯ ವ್ಯಾಪಾರಿ ಕುಳಿತಿದ್ದ.

"ಮೊದಲ ಯುದ್ಧದ ಕಪ್ಪು ರಿಬ್ಬನ್ ಇದೆಯೇನ್ರೀ?"

"ಒಂದೇ ಒಂದಿದೆ. ನಲವತ್ತು ಯೂರೋ. ಚೀಟಿ ಸಮೇತ," ಎಂದು ವ್ಯಾಪಾರಿ ಕಂದುಗಟ್ಟಿದ ಒಂದು ರಿಬ್ಬನ್ ತೆಗೆದಿಟ್ಟ.

ಚೀಟಿ ಓದಿ ಓಟ್ಮರನಿಗೆ ಕಹಿ ನುಂಗಿದಂತಾಯಿತು. 'ಅಸಲಿ. 1918ಕ್ಕಿಂತ ಹಿಂದಿನದು. ನನ್ನ ಸಂಗ್ರಹದ್ದು. ಖುದ್ದಾಗಿ ಪರೀಕ್ಷಿಸಿದ್ದೇನೆ. ಡೋಲ್ಡೆ.'

"ಇವನ ಸಹಿ ಯಾರಿಗೆ ಬೇಕು? ನಾನೇ ನೋಡ್ತೀನಿ."

"ನೋಡಿ ಸ್ವಾಮಿ, ಬೇಡ ಅಂದೋರ್ಯಾರು?"

ಓಟ್ಮರ್ ಮೇಜಿನ ಕೆಳಗೆ ನುಸುಳಿ, ಇಳಿಬಿಟ್ಟ ಬಟ್ಟೆಯ ಮರೆಯಲ್ಲಿ ಟಾರ್ಚು ಹಿಡಿದ. ರಿಬ್ಬನ್ ಹೊಳೆಯಲಿಲ್ಲ. ಮಣ್ಣಿನ ಹಾಗೆ ಮಂಕಾಗಿತ್ತು. ಅವನಿಗೆ ಹೋದ ಜೀವ ಬಂದಂತಾಯಿತು. ಮೇಜಿನಡಿಯಿಂದ ಹೊರಬರುವಾಗ ಎದುರಿಗೆ ಹೊಳಪು ಹೊಡೆದ ಎರಡು ಬೂಟು ಕಾಣಿಸಿದವು. ತಲೆ ಎತ್ತಿದರೆ ಡೋಲ್ಡೆ.

"ಓಹೋ, ಹೆರ್ ನೇಗೆಲೆ! ಪೊರಕೆ ಬೇರೆ! ನಿಮ್ಮ ಮನೆತನಕ್ಕೆ ಅಡುಗೆಮನೆಯಿಂದ ಅಂಗಳಕ್ಕೆ ಬಡ್ತಿ ಸಿಕ್ತಾ?"

"ಮೂರು ಗಂಟೆಗೆ ಸಿಗೋಣ, ಹೆರ್ ಡೋಲ್ಡೆ," ಎಂದ ಓಟ್ಮರ್, ರಿಬ್ಬನ್ನನ್ನು ಮುಷ್ಟಿಯೊಳಗೆ ಅಡಗಿಸಿಕೊಂಡು. ಡೋಲ್ಡೆ ಅತ್ತ ಹೋಗುವವರೆಗೂ ಅಲ್ಲೇ ಗುಡಿಸುತ್ತ ನಿಂತಿದ್ದು, ವ್ಯಾಪಾರಿಗೆ ನಲವತ್ತು ಯೂರೋ ಕೊಟ್ಟು, ಚೀಟಿಯನ್ನು ಜೇಬಿಗೆ ತುರುಕಿ ಮನೆಗೆ ಹಾರಿದ.

ಬಾಗಿಲ ಹಿಡಿಯಲ್ಲಿ ಹಲಗೆಯ ಜೊತೆ ಈಗ ಒಂದು ಕಾಗದದ ಚೀಲವೂ ನೇತಾಡುತ್ತಿತ್ತು. ಸಭೆಯವರಿಗೆಂದು ಫ್ರಾವ್ ಬಾಂಟ್ಲೆ ಮಾಡಿದ ಸೋಂಪಿನ ಬಿಸ್ಕತ್ತು. 'ಬಾಯಿ ಕಟ್ಟಿ ಇಟ್ಟುಕೊಳ್ಳಿ, ಗಾಳಿ ತಾಗಿದರೆ ಕಲ್ಲಾಗುತ್ತವೆ' ಎಂದು ಚೀಟಿ. ಓಟ್ಮರ್ ಒಳಗೆ ಹೋಗಿ ಮೊದಲು ಹೊಳೆಯುವ ರಿಬ್ಬನ್ ಬಿಚ್ಚಿ, ಮಂಕು ರಿಬ್ಬನ್ನನ್ನು ಶಿಲುಬೆಯ ಬಳೆಗೆ ಪೋಣಿಸಿದ. ಆಮೇಲೆ ಚೀಲ ಕಟ್ಟಲು ದಾರ ಹುಡುಕಿದ. ದಾರ ಸಿಗಲಿಲ್ಲ. ಮೇಜಿನ ಮೇಲೆ ಬಿಚ್ಚಿದ ರಿಬ್ಬನ್ ಬಿದ್ದಿತ್ತು. "ಇಷ್ಟು ವರ್ಷ ನಮ್ಮನ್ನ ಮಂಗ ಮಾಡಿದ್ದಕ್ಕೆ ಬಿಸ್ಕತ್ತಾದ್ರೂ ಕಾಯಿ," ಎಂದು ಅದರಿಂದಲೇ ಚೀಲದ ಬಾಯಿ ಬಿಗಿದು ಕೈಚೀಲದ ತಳಕ್ಕೆ ಹಾಕಿದ.

"ಹೆರ್ ನೇಗೆಲೆ!" ಕೆಳಗಿನಿಂದ ಫ್ರಾವ್ ಬಾಂಟ್ಲೆ ಅವರ ದನಿ ಬಂತು. "ಮೂಲೆ ಎಲ್ಲಾ ಹಾಗೇ ಬಿಟ್ಟಿದ್ದೀರಿ! ಒದ್ದೆ ಬಟ್ಟೆ ಯಾರು ಹಾಕ್ತಾರೆ?"

ಓಟ್ಮರ್ ಪದಕವನ್ನು ಮೇಜಿನ ಮೇಲೆಯೇ ಬಿಟ್ಟು ಓಡಿದ. ಎರಡನೇ ಮಹಡಿಯ ಮೂಲೆ ಕೆರೆಯುವಾಗ ಅವರು, "ತಡೀರಿ, ನಿಮ್ಮ ಅಡುಗೆಮನೆಯಿಂದ ಬಕೆಟ್ ತರ್ತೀನಿ," ಎಂದು ಹತ್ತಿ ಹೋದರು. ಅವನ ಮನೆಯ ಬಾಗಿಲು ತೆರೆದೇ ಇತ್ತು. ಬಕೆಟ್ಟಿಗೆಂದು ಹೋದವರ ಸುಳಿವು ಅರ್ಧ ಗಂಟೆ ಇರಲಿಲ್ಲ. ಆ ಅರ್ಧ ಗಂಟೆ ಯಾರ ಟೀಕೆಯೂ ಇಲ್ಲದೆ ಗುಡಿಸಿದ ಓಟ್ಮರ್, ಅವರಿಗೆ ವಯಸ್ಸಾಯಿತು ಪಾಪ ಎಂದುಕೊಂಡ. ನೆಲಮಾಳಿಗೆಯ ಮೆಟ್ಟಿಲುಗಳು ಮಾತ್ರ ಬಾಕಿ ಇರುವಾಗ ಗಂಟೆ ಎರಡಾಯಿತು. ಮೇಲೆ ಓಡಿ ನೋಡಿದರೆ ಪದಕದ ಪೆಟ್ಟಿಗೆಯ ಮುಚ್ಚಳ ಮುಚ್ಚಿತ್ತು. ತಾನೇ ಮುಚ್ಚಿರಬೇಕೆಂದು ಜೇಬಿಗೆ ಹಾಕಿಕೊಂಡ.

ಬಸ್ಸಿನಲ್ಲಿ ಫ್ರಾವ್ ಬಾಂಟ್ಲೆ ಮುಖ ಊದಿಸಿಕೊಂಡು ಕುಳಿತಿದ್ದರು. ಮೂರು ನಿಲ್ದಾಣ ಕಳೆದ ಮೇಲೆ ಬಾಯಿ ಬಿಟ್ಟರು. "ಒಬ್ಬ ಮನುಷ್ಯ ಒಂದೇ ರಾತ್ರೀಲಿ ಇಷ್ಟು ಗಲೀಜು ಹೇಗೆ ಮಾಡ್ತಾನೆ ಅಂತ ನನಗೆ ಅರ್ಥವೇ ಆಗ್ಲಿಲ್ಲ."

ತನ್ನ ಅಡುಗೆಮನೆಯ ಮಾತೆಂದುಕೊಂಡು ಓಟ್ಮರ್, "ನಾಳೆ ಎಲ್ಲಾ ಒರೆಸ್ತೀನಿ," ಎಂದ.

"ನಾಳೆ ಯಾಕೆ? ನಾನು ನೋಡ್ಕೊಂಡು ಸುಮ್ನೆ ಬರ್ತೀನಾ?" ಎಂದು ಅವರು ಕಿಟಕಿಯ ಕಡೆ ತಿರುಗಿದರು.

ಹೋಟೆಲಿನ ಹಿಂದಿನ ಕೋಣೆಯಲ್ಲಿ ಇಪ್ಪತ್ತು ಸದಸ್ಯರು ಉದ್ದನೆಯ ಮೇಜಿನ ಸುತ್ತ ಕುಳಿತಿದ್ದರು. ಮೇಜಿನ ತುದಿಯಲ್ಲಿ ಅಧ್ಯಕ್ಷೆ ಫ್ರಾವ್ ಎಲ್ಸೆಸರ್. ನಿವೃತ್ತ ಹೆಡ್‌ಮಿಸ್ಟ್ರೆಸ್. ಅವರು ಕನ್ನಡಕ ಸರಿಪಡಿಸಿಕೊಂಡರೆ ಸಾಕು, ಕೆಮ್ಮುವವರು ಕೆಮ್ಮು ನುಂಗುತ್ತಿದ್ದರು. ಮೊದಲು ಕಾಫಿ ಬಂತು. ಫ್ರಾವ್ ಬಾಂಟ್ಲೆ ಅಡುಗೆಯವರೊಂದಿಗೆ ಹಾಲಿನ ವಿಷಯ ಜಗಳವಾಡಲು ಒಳಗೆ ಹೋಗಿದ್ದಾಗ ಓಟ್ಮರ್ ಬಿಸ್ಕತ್ತಿನ ಚೀಲ ತೆಗೆದು ಅಧ್ಯಕ್ಷೆಯ ಮುಂದಿಟ್ಟ. ಗಂಟು ಬಿಗಿಯಾಗಿತ್ತು. ಅಧ್ಯಕ್ಷೆ ಕತ್ತರಿ ತರಿಸಿ ಕಚಕ್ಕನೆ ಕತ್ತರಿಸಿ ಬಿಸ್ಕತ್ತುಗಳನ್ನು ಸುತ್ತ ಹಂಚಿದರು.

ಡೋಲ್ಡೆ ತನ್ನ ಪದಕ ತೋರಿಸಿ, ಅದಕ್ಕಿಂತ ಹೆಚ್ಚಾಗಿ ತನ್ನನ್ನು ತೋರಿಸಿ, ಕುಳಿತ. ಓಟ್ಮರನ ಸರದಿ ಬಂತು. ಎದ್ದು ನಿಂತು, "ನನ್ನ ಮುತ್ತಜ್ಜ ಯಾಕೊಬ್ ನೇಗೆಲೆ ಅಡುಗೆಯವರಾಗಿದ್ರು, ಅದನ್ನ ನಾನು ಮುಚ್ಚಿಡಲ್ಲ. ಆದ್ರೆ ಅವರ ಸಾರು ತಣ್ಣಗಾಗೋಕೆ ಮುಂಚೆ ಕಂದಕಕ್ಕೆ ಮುಟ್ತಿತ್ತು," ಎಂದ. ಕೆಲವರು ಮೇಜು ತಟ್ಟಿದರು.

ಅಧ್ಯಕ್ಷೆ ಪೆಟ್ಟಿಗೆ ತೆರೆದರು. ರಿಬ್ಬನ್ನಿನ ಬಿಳಿ ಪಟ್ಟೆಗಳು ಕೊಳೆ ಕಾಣದ ಬಿಳಿಯಾಗಿದ್ದವು, ಅಂಚಿನಲ್ಲಿ ಇಸ್ತ್ರಿಯ ಗೆರೆ ನೆಟ್ಟಗಿತ್ತು. ಓಟ್ಮರ್ ಬಗ್ಗಿ ನೋಡಿದ. ಬೆಳಗ್ಗೆ ಕೊಂಡಾಗ ಅದು ಕಂದು ಬಣ್ಣದ್ದಾಗಿತ್ತಲ್ಲ!

"ದೀಪ ಆರಿಸಿ, ಟಾರ್ಚು ಹಿಡೀರಿ," ಎಂದ ಡೋಲ್ಡೆ.

ಹಿಡಿದರು. ರಿಬ್ಬನ್ ನೀಲಿಯಾಗಿ ಧಗಧಗ ಹೊಳೆಯಿತು. ಕತ್ತಲಲ್ಲಿ ಎಲ್ಲರ ನಗು ಕೇಳಿಸಿತು, ಡೋಲ್ಡೆಯದು ಎಲ್ಲಕ್ಕಿಂತ ಮೇಲೆ. "ನಾನು ಹನ್ನೊಂದು ವರ್ಷದಿಂದ ಬಡ್ಕೊಂಡೆ! ಸೌಟಿನ ಶಿಲುಬೆ!"

"ಇನ್ನೊಂದ್ಸಲ ಹಿಡೀರಿ," ಎಂದ ಓಟ್ಮರ್.

ಹಿಡಿದರು. ಹೊಳೆಯಿತು.

"ಇನ್ನೂ ಒಂದ್ಸಲ! ಇದು ಸಾಧ್ಯವೇ ಇಲ್ಲ. ಬೆಳಗ್ಗೆ ನೋಡಿದಾಗ ಹೊಳೀತಿರ್ಲಿಲ್ಲ!"

ಅಷ್ಟರಲ್ಲಿ ಯಾರೋ ದೀಪ ಹಾಕಿದರು. ಬಾಗಿಲಲ್ಲಿ ಹಾಲಿನ ಜಗ್ಗು ಹಿಡಿದು ಫ್ರಾವ್ ಬಾಂಟ್ಲೆ ನಿಂತಿದ್ದರು. "ಏನದು ಇಷ್ಟು ಗಲಾಟೆ? ಅದು ಹೊಳೀದೆ ಇನ್ನೇನಾಗುತ್ತೆ? ನಾನು ತೊಳ್ದಿದ್ದೀನಿ."

ಅಧ್ಯಕ್ಷೆ ತಮ್ಮ ಚೀಲದಿಂದ ಓಟ್ಮರನ ಕಿರುಪುಸ್ತಕ ತೆಗೆದು, ಪುಟ ತಿರುವಿ, ತರಗತಿಗೆ ಓದುವ ದನಿಯಲ್ಲಿ ಓದಿದರು: "ಪುಟ ಹದಿನಾಲ್ಕು. 'ಎಚ್ಚರಿಕೆ. ಇಂದಿನ ಸೋಪಿನ ಪುಡಿಯಲ್ಲಿಯೂ ಬಿಳುಪಿನ ರಾಸಾಯನಿಕ ಇರುವುದರಿಂದ, ತೊಳೆದ ರಿಬ್ಬನ್ ಎಷ್ಟೇ ಹಳೆಯದಾಗಿದ್ದರೂ ಹೊಳೆಯುತ್ತದೆ. ಈ ತಪ್ಪನ್ನು ಹೊಸಬರು ಮಾತ್ರ ಮಾಡುತ್ತಾರೆ.' ಹಾಗಾದ್ರೆ ಹೆರ್ ನೇಗೆಲೆ, ಈ ಹೊಳಪನ್ನ ನಿಮ್ಮ ವಿರುದ್ಧ ಹಿಡಿಯೋ ಹಾಗಿಲ್ಲ."

ಓಟ್ಮರನಿಗೆ ಬದುಕಿದೆ ಅನ್ನಿಸಿತು. ಸದಸ್ಯರು ತಲೆಯಾಡಿಸಿದರು. ಡೋಲ್ಡೆಯ ನಗು ಅರ್ಧಕ್ಕೇ ನಿಂತಿತ್ತು. ಆ ಘಳಿಗೆಯಲ್ಲಿ ಫ್ರಾವ್ ಬಾಂಟ್ಲೆ ಒಂದು ಬಿಸ್ಕತ್ತು ತಿಂದು ಸುಮ್ಮನಿದ್ದಿದ್ದರೆ ಕುರ್ಚಿ ಅವನದೇ. ಅವರು ಸುಮ್ಮನಿರುವ ಪೈಕಿ ಅಲ್ಲ.

"ಒಂದ್ಸಲ ಅಲ್ಲ, ಎರಡು ಸಲ ತೊಳ್ದೆ. ನಿನ್ನೆ ಪಾರ್ಸಲ್ ಬಂದಾಗ ಒಂದ್ಸಲ, ಇವತ್ತು ಬಕೆಟ್ ತರೋಕೆ ಹೋದಾಗ ಇನ್ನೊಂದ್ಸಲ. ಹಾಲಿನ ಹಾಗೆ ಮಾಡಿ ಕೊಟ್ಟಿದ್ದು, ಬೆಳಗಾಗೋದ್ರೊಳಗೆ ಮತ್ತೆ ಕಂದು! ಹೇಗೆ ಮಾಡಿದ್ರಿ ಅಂತ ಇಷ್ಟು ಜನರ ಮುಂದೇನೇ ಹೇಳ್ಬಿಡಿ."

ನಿನ್ನೆ ತೊಳೆದದ್ದು! ಅಂದರೆ ಬೆಳಗ್ಗೆ ಹೊಳೆದದ್ದು ಸೋಪಿನ ಪುಡಿ. ಅಂದರೆ ಆ ರಿಬ್ಬನ್ನೇ ಯಾಕೊಬನದು. ಕೇಳಬಾರದೆಂದು ಗೊತ್ತಿದ್ದೂ ಅವನು ಕೇಳಿಬಿಟ್ಟ. "ನಿನ್ನೇದರ ಮೇಲೆ ಕಲೆ ಏನಾದ್ರೂ ಇತ್ತಾ?"

"ಇತ್ತಾ ಅಂದ್ರೆ! ಜಿಡ್ಡಿನ ಕಲೆ. ನನ್ನ ವಯಸ್ಸಿಗಿಂತ ಹಳೇದು. ಪುಡಿಗೆ ಬಗ್ಗಲಿಲ್ಲ, ಕಲೆ ತೆಗೆಯೋ ಎತ್ತಿನ ಪಿತ್ತದ ಸಾಬೂನು ಹಾಕಿ ಮೂರು ನೀರು ತೊಳ್ದೆ. ಮಾಂಸದ ಕೊಬ್ಬು, ಜೊತೆಗೆ ಬೇಳೆ ಬೆಂದ ಕರೆ. ನಲವತ್ತು ವರ್ಷ ಆಸ್ಪತ್ರೆ ಬಟ್ಟೆ ನೋಡಿದ್ದೀನಿ, ಸಾರು ಚೆಲ್ಲಿದ್ದು ನನಗೆ ಗೊತ್ತಾಗಲ್ವಾ? ಇವತ್ತಿನದು ಹಾಗಲ್ಲ. ನೀರಿಗೆ ಹಾಕಿದ ತಕ್ಷಣ ಕಂದು ಬಣ್ಣ ಪೂರ್ತಿ ಬಿಟ್ಕೊಂಡು ಹೋಯ್ತು. ಬರೀ ಚಹಾ ವಾಸನೆ."

ಓಟ್ಮರನ ಕಣ್ಣು ನಿಧಾನವಾಗಿ ಅಧ್ಯಕ್ಷೆಯ ತಟ್ಟೆಯ ಕಡೆಗೆ ಹೋಯಿತು. ಬಿಸ್ಕತ್ತಿನ ಪುಡಿಯ ನಡುವೆ ಎರಡು ತುಂಡಾಗಿ ಯಾಕೊಬನ ರಿಬ್ಬನ್ ಬಿದ್ದಿತ್ತು. ಫ್ರಾವ್ ಬಾಂಟ್ಲೆ ಕೂಡ ಅದನ್ನು ನೋಡಿದರು.

"ಅಯ್ಯೋ, ಇದೇ ಅಲ್ವಾ ನಿನ್ನೇದು! ತುದಿ ಮಡಚಿ ನಾನೇ ಇಸ್ತ್ರಿ ಹಾಕಿದ್ದೆ. ಯಾರು ಇದನ್ನ ಬಿಸ್ಕತ್ತಿಗೆ ಕಟ್ಟಿದ್ದು?"

"ಮೋಸ!" ಎಂದು ಡೋಲ್ಡೆ ಎದ್ದು ನಿಂತ. "ರಿಬ್ಬನ್ ಬದಲಾಯಿಸಿ ತಂದಿದ್ದಾನೆ! ಚಹಾದಲ್ಲಿ ಅದ್ದಿದ ನಕಲಿ ಮಾಲು ಸಂಘದ ಮೇಜಿನ ಮೇಲೆ!"

ಮುಳುಗುವವನು ಒಬ್ಬನೇ ಮುಳುಗಬಾರದೆಂದು ಓಟ್ಮರ್ ಆ ಕ್ಷಣವೇ ನಿರ್ಧರಿಸಿದ. ಜೇಬಿನಿಂದ ಚೀಟಿ ತೆಗೆದು ಅಧ್ಯಕ್ಷೆಯ ಕೈಗೆ ಕೊಟ್ಟ. ಅವರು ಅದನ್ನೂ ಗಟ್ಟಿಯಾಗಿ ಓದಿದರು. "'ಅಸಲಿ. 1918ಕ್ಕಿಂತ ಹಿಂದಿನದು. ನನ್ನ ಸಂಗ್ರಹದ್ದು. ಖುದ್ದಾಗಿ ಪರೀಕ್ಷಿಸಿದ್ದೇನೆ.' ಸಹಿ ನಿಮ್ಮದೇ ಅಲ್ವಾ, ಹೆರ್ ಡೋಲ್ಡೆ?"

ಡೋಲ್ಡೆ ಕುಳಿತ.

ಅಧ್ಯಕ್ಷೆ ಕನ್ನಡಕ ಸರಿಪಡಿಸಿಕೊಂಡರು. "ಒಬ್ಬರು ಅಸಲಿಯನ್ನ ನಕಲಿ ಅಂತ ಬಿಸ್ಕತ್ತಿಗೆ ಕಟ್ಟಿದ್ರು. ಇನ್ನೊಬ್ಬರು ಚಹಾವನ್ನ ಯುದ್ಧಕಾಲದ್ದು ಅಂದ್ರು. ಇಬ್ಬರ ಹೆಸರನ್ನೂ ಹೊಡೆದುಹಾಕಿದ್ದೀನಿ. ಈ ಕೋಣೇಲಿ ಎರಡೂ ರಿಬ್ಬನ್ನನ್ನ ಸರಿಯಾಗಿ ಗುರುತಿಸಿದವರು ಒಬ್ಬರೇ. ಫ್ರಾವ್ ಬಾಂಟ್ಲೆ, ಸದಸ್ಯತ್ವದ ಫಾರಂ ತಗೊಳ್ಳಿ. ಮೂರು ಪ್ರತಿ."

ಕೈ ಎತ್ತುವುದು ಎರಡು ನಿಮಿಷದಲ್ಲಿ ಮುಗಿಯಿತು. ಫ್ರಾವ್ ಬಾಂಟ್ಲೆ ಪರೀಕ್ಷಕಿಯಾದರು. ಸಂಘದ ಮೊಹರನ್ನೂ ದೊಡ್ಡ ನೇರಳೆ ಟಾರ್ಚನ್ನೂ ಅವರ ಕೈಗೆ ಒಪ್ಪಿಸಿದಾಗ ಅವರು ಮೊದಲು ಎರಡನ್ನೂ ಕರವಸ್ತ್ರದಿಂದ ಒರೆಸಿದರು.

ಸಂಜೆ ಆರಕ್ಕೆ ಓಟ್ಮರ್ ಮನೆಯಲ್ಲಿ ಕುಳಿತು ಎರಡು ತುಂಡುಗಳನ್ನು ಸಣ್ಣ ಹೊಲಿಗೆಯಲ್ಲಿ ಜೋಡಿಸಿದ. ಕುರ್ಚಿ ಹೋದರೆ ಹೋಗಲಿ. ಯಾಕೊಬ್ ನಿಜವಾಗಿಯೂ ಸಾರು ಹೊತ್ತಿದ್ದ, ನಿಜವಾಗಿಯೂ ಕಂದಕಕ್ಕೆ ಹೋಗಿದ್ದ. ಈ ಯೋಚನೆ ಬಂದಾಗಲೆಲ್ಲ ಓಟ್ಮರನಿಗೆ ಖುಷಿಯಾಗುತ್ತಿತ್ತು, ಕಲೆ ಹೋಯಿತೆಂಬ ಯೋಚನೆ ಬಂದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಮೊಹರು ಒತ್ತಿದ ಒಂದು ಪತ್ರವಿದ್ದರೆ ಡೋಲ್ಡೆಯ ಬಾಯಿ ಶಾಶ್ವತವಾಗಿ ಮುಚ್ಚುತ್ತದೆ. ಪದಕ ಹಿಡಿದು ಎದುರುಮನೆಯ ಗಂಟೆ ಒತ್ತಿದ.

ಫ್ರಾವ್ ಬಾಂಟ್ಲೆ ಆಗಲೇ ಪತ್ರ ಬರೆದಿಟ್ಟಿದ್ದರು. 'ಅಸಲಿ. 1918ಕ್ಕಿಂತ ಹಿಂದಿನದು. ಕಲೆ: ಬೇಳೆ ಸಾರು. ತೊಳೆದದ್ದು ಪರೀಕ್ಷಕಿ. ಕತ್ತರಿಸಿದ್ದು ಅಧ್ಯಕ್ಷೆ. ಬಿಸ್ಕತ್ತಿಗೆ ಕಟ್ಟಿದ್ದು ಮರಿಮಗ.' ಓಟ್ಮರ್ ಕೊನೆಯ ಸಾಲನ್ನು ನುಂಗಿಕೊಂಡ.

"ಮೊಹರು ಒತ್ತಿಕೊಡಿ, ಫ್ರಾವ್ ಬಾಂಟ್ಲೆ."

"ಒತ್ತೋಣ. ನೆಲಮಾಳಿಗೆ ಮೆಟ್ಟಿಲು ಬಾಕಿ ಇದೆಯಲ್ಲ?"

ಓಟ್ಮರ್ ಪೊರಕೆ ತೆಗೆದುಕೊಂಡು ಇಳಿದ. ಹಲ್ಲು ಕಚ್ಚಿ ಹನ್ನೆರಡು ಮೆಟ್ಟಿಲನ್ನೂ ಗುಡಿಸಿದ, ಒರೆಸಿದ, ಮೂಲೆಗಳನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದ. ಇಡೀ ಜನ್ಮದಲ್ಲಿ ಅವನು ಅಷ್ಟು ಚೆನ್ನಾಗಿ ಯಾವುದನ್ನೂ ಗುಡಿಸಿರಲಿಲ್ಲ. ಆಮೇಲೆ ಮೇಲಕ್ಕೆ ಕೂಗಿದ, "ಬಂದು ನೋಡಿ! ಒಂದು ಧೂಳು ಸಿಕ್ರೆ ಹೇಳಿ!"

ಫ್ರಾವ್ ಬಾಂಟ್ಲೆ ಇಳಿದು ಬಂದರು. ಮೆಟ್ಟಿಲ ತುದಿಯಲ್ಲಿ ನಿಂತು ದೀಪ ಆರಿಸಿದರು. ಅಪ್ರನ್ನಿನ ಜೇಬಿನಿಂದ ಸಂಘದ ನೇರಳೆ ಟಾರ್ಚು ತೆಗೆದು ಹೊತ್ತಿಸಿದರು.

ಕೆಳಗಿನವರೆಗೆ ಹನ್ನೆರಡೂ ಮೆಟ್ಟಿಲ ಮೇಲೆ, ಯಾರ ಯಾರದೋ ಅಂಗಿಯ, ಟವೆಲ್ಲಿನ, ಹಾಸುಬಟ್ಟೆಯ ಎಳೆಗಳು ಸಾವಿರಾರು ನೀಲಿ ಚುಕ್ಕಿಗಳಾಗಿ ಹೊಳೆದವು.

"ಅಲ್ಲೊಂದು," ಎಂದರು ಫ್ರಾವ್ ಬಾಂಟ್ಲೆ, ಸಂತೋಷದಿಂದ. "ಮೊದಲನೇ ಮೆಟ್ಟಿಲಿಂದ ಶುರು ಮಾಡಿ, ಹೆರ್ ನೇಗೆಲೆ. ಮೊಹರು ಎಲ್ಲೂ ಓಡಿಹೋಗಲ್ಲ."